ಶ್ವಾಸಕೋಶದ ಆಪರೇಷನ್‌ಗೆ ಮೊದಲು ಮೆಟ್ಟಿಲು ಹತ್ತಿಸುವುದು ಯಾಕೆ?

"ದಮ್ಮು ಹತ್ತತೈತಿ ಅಂತನ ದವಾಖಾನಿಗೆ ಬಂದೀವಿ. ಇಲ್ಲಿ ನೋಡಿದ್ರ ಮೆಟ್ಲ ಹತ್ತು ಅಂತಾರ." ವಿಜಯಪುರ, ಬಾಗಲಕೋಟೆ ಕಡೆ ಎದೆ ಆಪರೇಷನ್‌ಗೆ ತಯಾರಾಗುವವರ ಮನೆಯವರು ಹೀಗೆ ಗೊಣಗುವುದು ಸಹಜ. ಸ್ಕ್ಯಾನ್ ಆಗಿದೆ. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದೂ ಆಗಿದೆ. ರಕ್ತದ ರಿಪೋರ್ಟುಗಳದ್ದೇ ಒಂದು ಕಟ್ಟು ಇದೆ. ಇಷ್ಟೆಲ್ಲ ಆದ ಮೇಲೆ ಅರವತ್ತು ದಾಟಿದ ಮನುಷ್ಯನಿಗೆ ಸೈಕಲ್ ತುಳಿ, ಮೆಟ್ಟಿಲು ಹತ್ತು ಅಂದರೆ ಸುಮ್ನೆ ಕಾಟ ಕೊಡುತ್ತಿದ್ದಾರೆ ಅನಿಸುತ್ತದೆ.

ಆದರೆ ಸ್ಕ್ಯಾನ್ ಹೇಳುವುದು ರೋಗ ಎಲ್ಲಿದೆ, ಎಷ್ಟಿದೆ ಅನ್ನುವುದನ್ನು. ಆಪರೇಷನ್ ಆದ ಮೊದಲ ವಾರವನ್ನು ಈ ದೇಹ ದಾಟುತ್ತದಾ ಅನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ದೇಹವನ್ನು ದುಡಿಸಿಯೇ ನೋಡಬೇಕು. ಕುಳಿತಾಗ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ, ಅಲ್ವಾ?

ಶ್ವಾಸಕೋಶದ ಆಪರೇಷನ್ ಅಂದ ಕೂಡಲೇ ಕ್ಯಾನ್ಸರ್ ನೆನಪಾಗುತ್ತದೆ. ಮುಂದೆ ಹೇಳುವ ಅಂಕಿಗಳೆಲ್ಲ ಹುಟ್ಟಿದ್ದೂ ಹೆಚ್ಚಾಗಿ ಯುರೋಪ್ ಮತ್ತು ಅಮೆರಿಕದ ಕ್ಯಾನ್ಸರ್ ರೋಗಿಗಳಿಂದ. ನಮ್ಮಲ್ಲಿ ಬೇರೆ ಕಾರಣಗಳೂ ಇವೆ. ಹಳೇ ಟಿಬಿ ಹಾಳು ಮಾಡಿದ ಭಾಗ, ಆ ಟಿಬಿ ಬಿಟ್ಟುಹೋದ ಪೊಳ್ಳಿನಲ್ಲಿ ಬೆಳೆದ ಫಂಗಸ್ ಗಡ್ಡೆ, ಕೀವು ಕಟ್ಟಿ ಹಿಗ್ಗಿಹೋದ ಶ್ವಾಸನಾಳಗಳು, ನಾಯಿ ಮತ್ತು ಕುರಿಗಳ ಮೂಲಕ ಹರಡುವ ಹುಳದಿಂದ ಆಗುವ ಹೈಡಾಟಿಡ್ ನೀರುಗುಳ್ಳೆ. ಇವಕ್ಕೂ ಆಪರೇಷನ್ ಬೇಕಾಗುತ್ತದೆ. ಇದರ ಮೇಲೆ ಹೊಗೆ. ನಿಪ್ಪಾಣಿ ಸೀಮೆ ತಂಬಾಕಿಗೇ ಹೆಸರಾದದ್ದು. ಬೀಡಿ ಸೇದಿದ ಶ್ವಾಸಕೋಶ, ಕಟ್ಟಿಗೆ ಒಲೆಯ ಮುಂದೆ ಕುಳಿತು ಹೊಗೆ ಕುಡಿದ ಶ್ವಾಸಕೋಶ ಇಲ್ಲಿ ಅಪರೂಪವೇನಲ್ಲ. ಹಾಗಾಗಿ ಒಂದು ಭಾಗ ತೆಗೆದ ಮೇಲೆ ಉಳಿಯುವ ಭಾಗವೂ ಮೊದಲೇ ಸೊರಗಿರಬಹುದು. ಡಾಕ್ಟರಿಗೆ ಚಿಂತೆ ಇರುವುದು ಈ ಉಳಿಯುವ ಭಾಗದ್ದೇ.

ಮೊದಲ ವಾರದಲ್ಲಿ ಏನಾಗುತ್ತದೆ

ಎದೆ ಆಪರೇಷನ್ ಆದ ದೇಹ ಹಾಸಿಗೆಯಲ್ಲಿ ಮಲಗಿದ್ದರೂ ವಿಶ್ರಾಂತಿಯಲ್ಲಿ ಇರುವುದಿಲ್ಲ. ಗಾಯ ಮಾಯಬೇಕು, ಉರಿಯೂತದ ವಿರುದ್ಧ ಹೋರಾಡಬೇಕು, ಕೆಲವೊಮ್ಮೆ ಜ್ವರವೂ ಬರುತ್ತದೆ. ಇದಕ್ಕೆಲ್ಲ ಮಾಮೂಲಿಗಿಂತ ಜಾಸ್ತಿ ಆಮ್ಲಜನಕ ಬೇಕು. ಬೇಡಿಕೆ ಏರಿದ ಅದೇ ಹೊತ್ತಿಗೆ ಪೂರೈಕೆ ಇಳಿದಿರುತ್ತದೆ. ಶ್ವಾಸಕೋಶದ ಒಂದು ಪಾಲು ಹೋಗಿದೆ. ಪಕ್ಕೆಲುಬಿನ ನಡುವಿನ ಗಾಯ ನೋಯುತ್ತದೆ, ಅದಕ್ಕೆ ಉಸಿರು ಆಳವಾಗಿ ಎಳೆಯಲು ಆಗುವುದಿಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಅಂದರೆ ವಪೆ, ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಮ್ಮಲು ಭಯ. ಕೆಮ್ಮದಿದ್ದರೆ ಕಫ ಒಳಗೇ ಕಟ್ಟುತ್ತದೆ. ಕಫ ಕಟ್ಟಿದ ಕಡೆ ಶ್ವಾಸಕೋಶ ಮುದುಡುತ್ತದೆ, ಅಲ್ಲೇ ನ್ಯುಮೋನಿಯಾ ಶುರುವಾಗುತ್ತದೆ. ಹೃದಯದ ಬಡಿತ ತಾಳ ತಪ್ಪುವುದೂ ಎದೆ ಆಪರೇಷನ್ ನಂತರ ಸಾಮಾನ್ಯ. ತೀರಾ ಕೈಮೀರಿದರೆ ಮತ್ತೆ ವೆಂಟಿಲೇಟರ್.

ಅಂದರೆ ಕೆಲವು ದಿನಗಳ ಮಟ್ಟಿಗೆ ಮಲಗಿದ ರೋಗಿಯ ಹೃದಯ ಮತ್ತು ಶ್ವಾಸಕೋಶ ಎದ್ದು ಓಡಾಡುವವರಷ್ಟು ದುಡಿಯಬೇಕು. ಅಷ್ಟು ದುಡಿಯುವ ಮಿಗಿಲು ಶಕ್ತಿ ಅವರಲ್ಲಿ ಇದೆಯಾ? ವ್ಯಾಯಾಮದ ಪರೀಕ್ಷೆ ಕೇಳುವ ಪ್ರಶ್ನೆ ಇದೊಂದೇ.

ಊದುವ ಪರೀಕ್ಷೆ ಮತ್ತು ಹತ್ತೊಂಬತ್ತರ ಲೆಕ್ಕ

ನೇರವಾಗಿ ಮೆಟ್ಟಿಲಿಗೆ ಯಾರೂ ಕಳಿಸುವುದಿಲ್ಲ. ಮೊದಲು ಹೃದಯ ನೋಡುತ್ತಾರೆ. ಆಮೇಲೆ ಕೊಳವೆಗೆ ಬಾಯಿ ಹಚ್ಚಿ ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ. ಪೂರ್ತಿ ಉಸಿರೆಳೆದು ಜೋರಾಗಿ ಬಿಟ್ಟಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅನ್ನುವುದು ಎಫ್‌ಇವಿ1. ಇದರ ಜೊತೆಗೆ ಡಿಎಲ್‌ಸಿಓ ಅಂತ ಇನ್ನೊಂದು ಇದೆ. ಅನಿಲ ಶ್ವಾಸಕೋಶದ ಗೋಡೆ ದಾಟಿ ರಕ್ತಕ್ಕೆ ಎಷ್ಟು ಸಲೀಸಾಗಿ ಸೇರುತ್ತದೆ ಅಂತ ಅದು ಅಳೆಯುತ್ತದೆ. ಎರಡನ್ನೂ ಅದೇ ವಯಸ್ಸು, ಎತ್ತರದ ಆರೋಗ್ಯವಂತರಿಗೆ ಹೋಲಿಸಿ ಶೇಕಡಾದಲ್ಲಿ ಬರೆಯುತ್ತಾರೆ.

ಇಲ್ಲಿಂದ ಮುಂದಿನದು ಪಾಟಿ ಮೇಲೆ ಮಾಡಬಹುದಾದ ಲೆಕ್ಕ. ಶ್ವಾಸಕೋಶದ ದೊಡ್ಡ ಭಾಗಗಳಿಗೆ ಹಾಲೆ ಅನ್ನುತ್ತಾರೆ. ಬಲ ಶ್ವಾಸಕೋಶದಲ್ಲಿ ಮೂರು ಹಾಲೆ, ಎಡದಲ್ಲಿ ಎರಡು. ಪ್ರತಿ ಹಾಲೆಯಲ್ಲೂ ಸಣ್ಣ ತುಂಡುಗಳು. ಬಲಗಡೆ ಮೇಲಿನ ಹಾಲೆಯಲ್ಲಿ 3, ನಡುವಿನದರಲ್ಲಿ 2, ಕೆಳಗಿನದರಲ್ಲಿ 5. ಎಡಗಡೆ ಮೇಲೆ 5, ಕೆಳಗೆ 4. ಒಟ್ಟು 19. ಎಷ್ಟು ತುಂಡು ತೆಗೆಯುತ್ತಾರೋ ಅಷ್ಟನ್ನು ಕಳೆದರೆ ಆಪರೇಷನ್ ನಂತರ ಉಳಿಯುವ ಸಾಮರ್ಥ್ಯದ ಅಂದಾಜು ಸಿಗುತ್ತದೆ.

ಜಮಖಂಡಿ ಕಡೆಯ 62 ವರ್ಷದ ಒಬ್ಬ ರೈತ ಅಂತ ಇಟ್ಟುಕೊಳ್ಳೋಣ. ಲೆಕ್ಕಕ್ಕಾಗಿ ನಾವೇ ಮಾಡಿಕೊಂಡ ಮನುಷ್ಯ. ತೂಕ 58 ಕೆಜಿ. ಬಹಳ ವರ್ಷ ಬೀಡಿ ಸೇದಿದ್ದಾರೆ. ಬಲಗಡೆ ಮೇಲಿನ ಹಾಲೆಯಲ್ಲಿ ಗಡ್ಡೆ. ಎಫ್‌ಇವಿ1 ಶೇ. 70, ಡಿಎಲ್‌ಸಿಓ ಶೇ. 50. ಮೂರು ತುಂಡು ಹೋದರೆ ಉಳಿಯುವುದು 16. ಎಪ್ಪತ್ತನ್ನು ಹದಿನಾರರಿಂದ ಗುಣಿಸಿ ಹತ್ತೊಂಬತ್ತರಿಂದ ಭಾಗಿಸಿದರೆ ಸುಮಾರು 59. ಐವತ್ತಕ್ಕೆ ಅದೇ ಲೆಕ್ಕ ಹಾಕಿದರೆ ಸುಮಾರು 42.

ಅಮೆರಿಕನ್ ಕಾಲೇಜ್ ಆಫ್ ಚೆಸ್ಟ್ ಫಿಜೀಷಿಯನ್ಸ್ 2013ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನು ಹೀಗೆ ವಿಂಗಡಿಸುತ್ತದೆ. ಎರಡೂ ಅಂಕಿ 60ಕ್ಕಿಂತ ಮೇಲಿದ್ದರೆ ಅಪಾಯ ಕಡಿಮೆ, ಬೇರೆ ಪರೀಕ್ಷೆ ಬೇಡ. ಯಾವುದಾದರೂ ಒಂದು 60ಕ್ಕಿಂತ ಕೆಳಗಿದ್ದು ಎರಡೂ 30ರ ಮೇಲಿದ್ದರೆ ಮೆಟ್ಟಿಲು ಅಥವಾ ನಡಿಗೆಯ ಪರೀಕ್ಷೆ. ಒಂದಾದರೂ 30ಕ್ಕಿಂತ ಕೆಳಗೆ ಬಿದ್ದರೆ ನೇರವಾಗಿ ಮಾಸ್ಕ್ ಹಾಕಿ ಮಾಡುವ ದೊಡ್ಡ ಪರೀಕ್ಷೆ. ನಮ್ಮ ರೈತರದು 59 ಮತ್ತು 42. ಅವರು ಮೆಟ್ಟಿಲಿಗೆ ಹೋಗಬೇಕು. ಗಡ್ಡೆ ದೊಡ್ಡದಿದ್ದು ಇಡೀ ಬಲ ಶ್ವಾಸಕೋಶವನ್ನೇ ತೆಗೆಯಬೇಕಾಗಿದ್ದರೆ 19ರಲ್ಲಿ ಉಳಿಯುವುದು 9 ಮಾತ್ರ. ಆಗ ಅಂಕಿಗಳು 33 ಮತ್ತು 24. ಮೆಟ್ಟಿಲು ಬಿಟ್ಟು ದೊಡ್ಡ ಪರೀಕ್ಷೆಗೇ ಹೋಗಬೇಕಾಗುತ್ತದೆ.

ಈ ಲೆಕ್ಕದಲ್ಲಿ ಒಂದು ಸಿಕ್ಕು ಇದೆ, ನಮ್ಮ ಕಡೆಯ ರೋಗಿಗಳಿಗೆ ಅದು ಮುಖ್ಯ. ಹತ್ತೊಂಬತ್ತೂ ತುಂಡುಗಳು ಸಮನಾಗಿ ದುಡಿಯುತ್ತಿವೆ ಅಂತ ಲೆಕ್ಕ ನಂಬುತ್ತದೆ. ಟಿಬಿಯಿಂದ ಪೂರ್ತಿ ಹಾಳಾದ ಎಡ ಶ್ವಾಸಕೋಶ ವರ್ಷಗಳಿಂದ ಏನೂ ಕೆಲಸ ಮಾಡದೆ ಕುಳಿತಿದ್ದರೆ? ಅದನ್ನು ತೆಗೆದರೆ ಕಳೆದುಕೊಳ್ಳುವುದು ಬಹಳ ಕಡಿಮೆ. ಕಾಗದದ ಲೆಕ್ಕ ಮಾತ್ರ ಅರ್ಧದಷ್ಟು ಶಕ್ತಿ ಹೋಗುತ್ತದೆ ಅಂತ ಹೆದರಿಸುತ್ತದೆ. ಅದಕ್ಕೇ ಇಂಥವರಿಗೆ, ಅದರಲ್ಲೂ ಇಡೀ ಶ್ವಾಸಕೋಶ ತೆಗೆಯುವವರಿಗೆ, ಪರ್ಫ್ಯೂಷನ್ ಸ್ಕ್ಯಾನ್ ಮಾಡುತ್ತಾರೆ. ಯಾವ ಭಾಗಕ್ಕೆ ಎಷ್ಟು ರಕ್ತ ಹರಿಯುತ್ತಿದೆ ಅಂತ ನೋಡಿ ನಿಜವಾದ ಪಾಲನ್ನು ಹಿಡಿಯುತ್ತಾರೆ.

ಊದಿದ್ದು ಯಾಕೆ ಸಾಲದು

ಇಷ್ಟು ಲೆಕ್ಕ ಹಾಕಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಊದುವ ಪರೀಕ್ಷೆ ಶ್ವಾಸಕೋಶವನ್ನು ಮಾತ್ರ ನೋಡುತ್ತದೆ. ಆಮ್ಲಜನಕದ ದಾರಿ ಶ್ವಾಸಕೋಶದಲ್ಲಿ ಮುಗಿಯುವುದಿಲ್ಲ.

ಕಬ್ಬಿನ ಹಂಗಾಮು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾರ್ಖಾನೆ ದಿನಕ್ಕೆ ಎಷ್ಟು ಕಬ್ಬು ನುರಿಸುತ್ತದೆ ಅನ್ನುವುದು ಹೊಲದಲ್ಲಿ ಎಷ್ಟು ಕಬ್ಬಿದೆ ಅನ್ನುವುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಕಟಾವು ಗ್ಯಾಂಗ್ ಬರಬೇಕು, ಟ್ರ್ಯಾಕ್ಟರ್ ಸಿಗಬೇಕು, ಟ್ರ್ಯಾಲಿ ತುಂಬಿರಬೇಕು, ಕಾರ್ಖಾನೆಯ ಯಂತ್ರ ಓಡಬೇಕು. ಒಂದು ಕಡೆ ನಿಂತರೂ ಸಾಲು ನಿಲ್ಲುತ್ತದೆ. ದೇಹದಲ್ಲಿ ಶ್ವಾಸಕೋಶ ಹೊಲ, ಹೃದಯ ಟ್ರ್ಯಾಕ್ಟರ್, ರಕ್ತದ ಹಿಮೋಗ್ಲೋಬಿನ್ ಟ್ರ್ಯಾಲಿ, ಮಾಂಸಖಂಡ ಕಾರ್ಖಾನೆ. ಊದುವ ಪರೀಕ್ಷೆ ಹೊಲ ನೋಡಿ ಬರುತ್ತದೆ. ವ್ಯಾಯಾಮದ ಪರೀಕ್ಷೆ ಗೇಟಿನಲ್ಲಿ ನಿಂತು, ಇವತ್ತು ಎಷ್ಟು ಟನ್ ನುರಿಸಿದರು ಅಂತ ಕೇಳುತ್ತದೆ.

ಹಿಮೋಗ್ಲೋಬಿನ್‌ನದೇ ಲೆಕ್ಕ ನೋಡಿ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕ ಹೊರುತ್ತದೆ. ಹಿಮೋಗ್ಲೋಬಿನ್ 15 ಇದ್ದವರ ಒಂದು ಲೀಟರ್ ರಕ್ತ ಸುಮಾರು 200 ಮಿ.ಲೀ. ಹೊತ್ತರೆ, 9.5 ಇದ್ದವರದು ಸುಮಾರು 127 ಮಿ.ಲೀ. ಶ್ವಾಸಕೋಶ ಎಷ್ಟೇ ಚೆನ್ನಾಗಿದ್ದರೂ ಅಷ್ಟೇ. ಊದುವ ಪರೀಕ್ಷೆಯಲ್ಲಿ ಇದರ ಸುಳಿವೂ ಸಿಗುವುದಿಲ್ಲ.

ಇಪ್ಪತ್ತೆರಡು ಮೀಟರ್

ಮೆಟ್ಟಿಲು ಹತ್ತಿಸಿ ನೋಡುವುದು ಸರ್ಜನ್‌ಗಳ ಹಳೇ ಪದ್ಧತಿ. ಕ್ಯಾನ್ಸರಿಗಾಗಿ ಒಂದು ಇಡೀ ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆದು ರೋಗಿಯನ್ನು ಉಳಿಸಿದ್ದು 1933ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಸರ್ಜನ್ ಹೆಸರು ಎವಾರ್ಟ್ಸ್ ಗ್ರಹಾಂ. ರೋಗಿಯೂ ಡಾಕ್ಟರೇ. ಗ್ರಹಾಂ ಸಿಗರೇಟ್ ಸೇದುತ್ತಿದ್ದರು, 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅವರು ಆಪರೇಷನ್ ಮಾಡಿದ ರೋಗಿ ಅವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಇದು ವಿಷಯಕ್ಕೆ ನೇರ ಸಂಬಂಧವಿಲ್ಲದ ಮಾತು, ಆದರೂ ಬೀಡಿ ಬಿಡಲು ಒಪ್ಪದವರಿಗೆ ಹೇಳುವಂಥದ್ದು. ಅಂಥ ಆಪರೇಷನ್‌ಗಳು ಹೆಚ್ಚಿದ ಮೇಲೆ ಅನುಭವಿ ಸರ್ಜನ್‌ಗಳು ರೋಗಿಯ ಜೊತೆ ತಾವೇ ಮೆಟ್ಟಿಲು ಹತ್ತಿ, ಎರಡು ಮಹಡಿಗೆ ಏದುಸಿರು ಬಿಟ್ಟರೆ ಎಚ್ಚರ ವಹಿಸುತ್ತಿದ್ದರು.

ಅದಕ್ಕೆ ಅಳತೆ ಕೊಟ್ಟವರಲ್ಲಿ ಮುಖ್ಯರು ಇಟಲಿಯ ಸರ್ಜನ್ ಅಲೆಸ್ಸಾಂಡ್ರೊ ಬ್ರುನೆಲ್ಲಿ. ಅವರ ತಂಡ 2008ರಲ್ಲಿ 640 ರೋಗಿಗಳ ವಿವರ ಪ್ರಕಟಿಸಿತು. ಆಪರೇಷನ್‌ಗೆ ಮೊದಲು 12 ಮೀಟರ್ ಎತ್ತರವನ್ನೂ ಹತ್ತಲಾಗದವರು ಒಂದು ಕಡೆ, 22 ಮೀಟರ್ ದಾಟಿದವರು ಇನ್ನೊಂದು ಕಡೆ. ಮೊದಲ ಗುಂಪಿನಲ್ಲಿ ಹೃದಯ ಮತ್ತು ಶ್ವಾಸಕೋಶದ ತೊಂದರೆಗಳು ಎರಡೂವರೆ ಪಟ್ಟು, ಸಾವು 13 ಪಟ್ಟು ಹೆಚ್ಚಾಗಿದ್ದವು. ಯಂತ್ರವಿಲ್ಲ, ಖರ್ಚಿಲ್ಲ, ಕಟ್ಟಡದ ಮೆಟ್ಟಿಲೊಂದೇ. ಆದರೂ ಇಷ್ಟು ಸ್ಪಷ್ಟವಾದ ವ್ಯತ್ಯಾಸ! ನನ್ನ ಪ್ರಕಾರ ವೈದ್ಯಕೀಯದಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಹೇಳುವ ಪರೀಕ್ಷೆಗಳು ಬಹಳ ಇಲ್ಲ.

22 ಮೀಟರ್ ಅಂದರೆ ಎಷ್ಟು? ವಿಜಯಪುರದ ಗೋಳಗುಮ್ಮಟದ ಮೂಲೆಯ ಗೋಪುರದಲ್ಲಿ ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಹೋದವರಿಗೆ ಗೊತ್ತು. ಆ ಗ್ಯಾಲರಿ ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ. ಅದರ ಮೂರನೇ ಎರಡು ಭಾಗ ಹತ್ತಿದರೆ 22 ಮೀಟರ್. ಹಾಗಂತ ಅಜ್ಜನನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಬೇಡಿ. ಅಲ್ಲಿನ ಮೆಟ್ಟಿಲು ಇಕ್ಕಟ್ಟು, ಕಡಿದು, ಎತ್ತರವೂ ಒಂದೇ ಸಮ ಇಲ್ಲ. ನಡುವೆ ಎದೆ ಹಿಡಿದುಕೊಂಡರೆ ನೋಡುವವರಿಲ್ಲ.

ಆಸ್ಪತ್ರೆಯಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿ, ಜೊತೆಗೆ ಒಬ್ಬರು ಹತ್ತುತ್ತಾರೆ. ಕಂಬಿ ಹಿಡಿದು ಮೈ ಜಗ್ಗಿಕೊಳ್ಳಬಾರದು, ಬ್ಯಾಲೆನ್ಸ್‌ಗೆ ಮಾತ್ರ ಹಿಡಿಯಬಹುದು. ತಮಗೆ ಒಗ್ಗುವ ವೇಗದಲ್ಲಿ, ನಿಲ್ಲದೆ, ಇನ್ನು ಆಗುವುದಿಲ್ಲ ಅನ್ನುವವರೆಗೆ ಹತ್ತಬೇಕು. ಎಲ್ಲಿ ನಿಂತರು, ಎಷ್ಟು ಹೊತ್ತಾಯಿತು, ನಾಡಿ ಎಷ್ಟು, ಆಮ್ಲಜನಕ ಎಷ್ಟು ಇಳಿಯಿತು ಅಂತ ಬರೆದುಕೊಳ್ಳುತ್ತಾರೆ. ಆಕ್ಸಿಮೀಟರ್ ಅಂಕಿ ನಾಲ್ಕಕ್ಕಿಂತ ಹೆಚ್ಚು ಇಳಿದರೆ ಅದೂ ಒಂದು ಎಚ್ಚರಿಕೆ.

ಮಹಡಿ ಎಣಿಸುವುದರಲ್ಲಿ ಮೋಸ ಹೋಗುವುದು ಸುಲಭ. "ನಾಕ್ ಮಾಳಗಿ ಹತ್ಯಾರ್ರಿ" ಅಂದರೆ ಬಹಳ ಅನಿಸುತ್ತದೆ. ಒಂದು ಮಹಡಿ ಮೂರೂವರೆ ಮೀಟರ್ ಅಂದುಕೊಂಡರೂ ಅದು 14 ಮೀಟರ್ ಮಾತ್ರ. ಕಟ್ಟಡ ಅಲ್ಲಿಗೇ ಮುಗಿದರೆ ಅವರು ಇನ್ನೂ ಹತ್ತುತ್ತಿದ್ದರೋ ಇಲ್ಲವೋ ಗೊತ್ತಾಗುವುದಿಲ್ಲ. ಒಂದು ಮೆಟ್ಟಿಲಿನ ಎತ್ತರವನ್ನು ಟೇಪಿನಲ್ಲಿ ಅಳೆದು, ಹತ್ತಿದ ಮೆಟ್ಟಿಲಿನಿಂದ ಗುಣಿಸುವುದೇ ಸರಿ. 16 ಸೆಂ.ಮೀ. ಮೆಟ್ಟಿಲಾದರೆ 22 ಮೀಟರ್‌ಗೆ ಸುಮಾರು 138 ಮೆಟ್ಟಿಲು.

ಮೊಣಕಾಲು ನೋವಿನವರ ಗತಿ? ಹೊಲದಲ್ಲಿ ದುಡಿದ ಎಷ್ಟೋ ಹಿರಿಯರಿಗೆ ಉಸಿರಿಗಿಂತ ಮೊದಲು ಮೊಣಕಾಲು ಸೋಲುತ್ತದೆ. ಅವರು 8 ಮೀಟರ್‌ಗೆ ನಿಂತರೆ ಅದು ಶ್ವಾಸಕೋಶದ ತಪ್ಪಲ್ಲ. ಆದರೂ ಅದನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಯಾವ ಕಾರಣಕ್ಕೇ ಆಗಲಿ, ವ್ಯಾಯಾಮದ ಪರೀಕ್ಷೆಯನ್ನೇ ಮಾಡಲಾಗದವರಿಗೆ ಆಪರೇಷನ್ ನಂತರ ತೊಂದರೆ ಜಾಸ್ತಿ ಅಂತ ಅಧ್ಯಯನಗಳು ತೋರಿಸಿವೆ. ಎದ್ದು ನಡೆಯದವರ ಕಫ ಹೊರಬರುವುದು ಕಷ್ಟ, ಅದು ಊಹಿಸಬಹುದಾದದ್ದೇ.

ಮೆಟ್ಟಿಲಿನ ಬದಲು ಶಟಲ್ ವಾಕ್ ಮಾಡಿಸಬಹುದು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 1992ರಲ್ಲಿ ರೂಪಿಸಿದ ಪರೀಕ್ಷೆ ಇದು. ಹತ್ತು ಮೀಟರ್ ಹಾದಿಯ ಎರಡೂ ತುದಿಯಲ್ಲಿ ಗುರುತು. ಬೀಪ್ ಸದ್ದು ಬರುವಷ್ಟರಲ್ಲಿ ಆ ಕಡೆ ತಲುಪಬೇಕು. ಪ್ರತಿ ನಿಮಿಷಕ್ಕೂ ಬೀಪ್ ಬೇಗ ಬರುತ್ತಾ ಹೋಗುತ್ತದೆ. ಶುರುವಿನಲ್ಲಿ ವೇಗ ಗಂಟೆಗೆ 1.8 ಕಿ.ಮೀ., ದೇವಸ್ಥಾನದ ಸಾಲಿನಲ್ಲಿ ಸರಿಯುವಷ್ಟು. ಬೇಕಾದ 400 ಮೀಟರ್ ತಲುಪುವ ಹೊತ್ತಿಗೆ ಅದು ಐದೂವರೆ ಕಿ.ಮೀ. ಆಗಿರುತ್ತದೆ. ಆರು ನಿಮಿಷದ ನಡಿಗೆ ಅಂತ ಇನ್ನೊಂದು ಪರೀಕ್ಷೆ ಎಲ್ಲ ಕಡೆ ಚಾಲ್ತಿಯಲ್ಲಿದೆ. ಆದರೆ ಆಪರೇಷನ್ ತೀರ್ಮಾನಕ್ಕೆ ಅದನ್ನು ನೆಚ್ಚಬೇಡಿ ಅಂತ ಯುರೋಪಿನ ತಜ್ಞರು 2009ರಲ್ಲೇ ಹೇಳಿದ್ದಾರೆ.

22 ಮೀಟರ್ ಹತ್ತಿದರೆ, ಅಥವಾ 400 ಮೀಟರ್ ಶಟಲ್ ಮುಗಿಸಿದರೆ, ಅಪಾಯ ಕಡಿಮೆ ಅಂತ ಮುಂದುವರಿಯಬಹುದು. ಆಗದಿದ್ದರೆ ಆಪರೇಷನ್ ಇಲ್ಲ ಅಂತ ಅರ್ಥವಲ್ಲ. ದೊಡ್ಡ ಪರೀಕ್ಷೆಗೆ ಹೋಗಿ ಅಂತ ಅಷ್ಟೇ. ನಮ್ಮ ಜಮಖಂಡಿಯ ರೈತರು 15 ಮೀಟರ್‌ಗೆ ನಿಂತರು ಅನ್ನೋಣ.

ಮಾಸ್ಕ್ ಹಾಕಿ ಸೈಕಲ್ ತುಳಿಯುವುದು

ದೊಡ್ಡ ಪರೀಕ್ಷೆಯನ್ನು ಡಾಕ್ಟರುಗಳು ಚಿಕ್ಕದಾಗಿ ಸಿಪೆಟ್ ಅನ್ನುತ್ತಾರೆ. ಮೂಗು, ಬಾಯಿ ಮುಚ್ಚುವ ಮಾಸ್ಕ್, ಎದೆಗೆ ಇಸಿಜಿ ತಂತಿ, ತೋಳಿಗೆ ಬಿಪಿ ಪಟ್ಟಿ, ಬೆರಳಿಗೆ ಆಕ್ಸಿಮೀಟರ್. ನಿಂತಲ್ಲೇ ತುಳಿಯುವ ಸೈಕಲ್. ಮೊದಲು ಒಂದೆರಡು ನಿಮಿಷ ಭಾರವಿಲ್ಲದೆ ತುಳಿಯಬೇಕು. ಆಮೇಲೆ ಯಂತ್ರ ನಿಮಿಷ ನಿಮಿಷಕ್ಕೂ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋಗುತ್ತದೆ. ಸಾಮಾನ್ಯವಾಗಿ 8ರಿಂದ 12 ನಿಮಿಷದಲ್ಲಿ ಕಾಲು ಸೋಲುವ ಹಾಗೆ ಭಾರ ಹೊಂದಿಸಿರುತ್ತಾರೆ. ಪ್ರತಿ ಉಸಿರಿನಲ್ಲೂ ಎಷ್ಟು ಆಮ್ಲಜನಕ ಒಳಗೆ ಉಳಿಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಅಂತ ಯಂತ್ರ ಅಳೆಯುತ್ತದೆ.

ಇದರಿಂದ ಬರುವ ಮುಖ್ಯ ಅಂಕಿ ವಿಓ2 ಮ್ಯಾಕ್ಸ್. ಮೈ ಪೂರ್ತಿ ದುಡಿಯುವಾಗ ಒಂದು ನಿಮಿಷಕ್ಕೆ, ಒಂದು ಕೆಜಿ ತೂಕಕ್ಕೆ, ಎಷ್ಟು ಮಿ.ಲೀ. ಆಮ್ಲಜನಕ ಬಳಸುತ್ತೀರಿ ಅನ್ನುವ ಲೆಕ್ಕ. ಸುಮ್ಮನೆ ಕುಳಿತಾಗ ಎಲ್ಲರಿಗೂ ಸುಮಾರು 3.5. ಪರೀಕ್ಷೆಯಲ್ಲಿ 20 ದಾಟಿದರೆ, ಅಥವಾ ಆ ವಯಸ್ಸಿನವರಿಂದ ನಿರೀಕ್ಷಿಸುವುದರ ಶೇ. 75 ದಾಟಿದರೆ, ಅಪಾಯ ಕಡಿಮೆ. 10ಕ್ಕಿಂತ ಅಥವಾ ಶೇ. 35ಕ್ಕಿಂತ ಕೆಳಗಿದ್ದರೆ ದೊಡ್ಡ ಆಪರೇಷನ್ ಬಹಳ ಅಪಾಯ, ಬೇರೆ ದಾರಿ ನೋಡಬೇಕು. ನಡುವಿನದು ನಡುವಿನದೇ. ಹೆಚ್ಚಿನ ರೋಗಿಗಳ ಜೊತೆ ಕುಳಿತು ಮಾತಾಡಬೇಕಾದದ್ದು ಈ ನಡುವಿನ ಪಟ್ಟಿಯಲ್ಲೇ.

ಒಂದೇ ಅಂಕಿಗೆ ಜೋತು ಬೀಳುವುದು ತಪ್ಪು. ತೂಕದಿಂದ ಭಾಗಿಸುವುದರಿಂದ ಒಂದು ಎಡವಟ್ಟು ಆಗುತ್ತದೆ. 42 ಕೆಜಿಗೆ ಇಳಿದ ಹಳೇ ಟಿಬಿ ರೋಗಿ ನಿಮಿಷಕ್ಕೆ 630 ಮಿ.ಲೀ. ಬಳಸಿದರೂ ಅಂಕಿ 15. 90 ಕೆಜಿಯ ವ್ಯಾಪಾರಿ 1350 ಮಿ.ಲೀ. ಬಳಸಿದರೂ ಅಂಕಿ 15. ಇಬ್ಬರೂ ಒಂದೇನಾ? ಮೊದಲನೆಯವರ ಮಾಂಸಖಂಡವೇ ಕರಗಿಹೋಗಿದೆ, ಭಾಗಾಕಾರ ಅದನ್ನು ಮುಚ್ಚಿಹಾಕಿತು. ಅದಕ್ಕೇ ಶೇಕಡಾ ಅಂಕಿಯನ್ನೂ ಪಕ್ಕದಲ್ಲಿ ಇಟ್ಟು ನೋಡುತ್ತಾರೆ.

ಇನ್ನೊಂದು ತೊಡಕು, ರೋಗಿ ನಿಜವಾಗಿ ದಣಿದರಾ, ಹೆದರಿ ನಿಲ್ಲಿಸಿದರಾ ಅನ್ನುವುದು. ಇದಕ್ಕೆ ಯಂತ್ರದಲ್ಲೇ ಉತ್ತರವಿದೆ. ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಬಳಸಿದ ಆಮ್ಲಜನಕದಿಂದ ಭಾಗಿಸಿದಾಗ 1.1 ದಾಟಿದ್ದರೆ ಪೂರ್ತಿ ಶ್ರಮ ಹಾಕಿದ್ದಾರೆ ಅಂತ ನಂಬಬಹುದು. 0.9ಕ್ಕೇ ನಿಂತಿದ್ದರೆ ಆ ವಿಓ2 ಅಂಕಿಯನ್ನು ಹಿಡಿದು ಆಪರೇಷನ್ ಬೇಡ ಅನ್ನುವುದು ಅನ್ಯಾಯ.

ಶ್ರಮ ಪೂರ್ತಿ ಹಾಕದಿದ್ದರೂ ಸಿಗುವ ಒಂದು ಅಳತೆ ಇದೆ. ಒಂದು ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಹಾಕಲು ಎಷ್ಟು ಲೀಟರ್ ಗಾಳಿ ಆಡಿಸಬೇಕಾಯಿತು ಅನ್ನುವುದು. ಆರೋಗ್ಯವಂತರಿಗೆ ಸುಮಾರು 25ರಿಂದ 30 ಲೀಟರ್ ಸಾಕು. 35 ದಾಟಿದರೆ, ಉಸಿರಾಡಿದ ಗಾಳಿಯಲ್ಲಿ ಬಹಳಷ್ಟು ವ್ಯರ್ಥವಾಗುತ್ತಿದೆ ಅಂತ ಅರ್ಥ. ಇಂಥವರಿಗೆ ಆಪರೇಷನ್ ನಂತರ ಉಸಿರಿನ ತೊಂದರೆ ಹೆಚ್ಚು ಅಂತ ಕಂಡುಬಂದಿದೆ. ಹೆಸರಾದ ಅಂಕಿ ವಿಓ2 ಆದರೂ ನನಗೆ ಇದು ಅದರಷ್ಟೇ ಮುಖ್ಯ ಅನಿಸುತ್ತದೆ.

ಸಿಪೆಟ್‌ನ ದೊಡ್ಡ ಲಾಭ ಇರುವುದು ಸಾಲು ಎಲ್ಲಿ ನಿಂತಿತು ಅಂತ ತೋರಿಸುವುದರಲ್ಲಿ. ಉಸಿರು ತನ್ನ ಮಿತಿ ಮುಟ್ಟಿದೆ, ಆಮ್ಲಜನಕ ಇಳಿದಿದೆ, ಆದರೆ ನಾಡಿ ಇನ್ನೂ ಏರಬಹುದಿತ್ತು ಅಂದರೆ ಹೊಲದ ತೊಂದರೆ, ಶ್ವಾಸಕೋಶದ್ದು. ಇಸಿಜಿ ಬದಲಾಗಿದೆ, ಭಾರ ಏರಿದಂತೆ ಬಿಪಿ ಇಳಿದಿದೆ ಅಂದರೆ ಟ್ರ್ಯಾಕ್ಟರ್ ಕೈಕೊಟ್ಟಿದೆ. ಆಗ ಮೊದಲು ಹೃದಯದ ಚಿಕಿತ್ಸೆ. ನಮ್ಮ ರೈತರ ಅಂಕಿ 14 ಬಂತು, ಉಸಿರಿನಲ್ಲಿ ಇನ್ನೂ ಮಿಗಿಲಿತ್ತು, ಇಸಿಜಿ ಸರಿಯಿತ್ತು, ಆದರೆ ಕಾಲು ಬೇಗ ಸೋತಿತು ಮತ್ತು ಹಿಮೋಗ್ಲೋಬಿನ್ 9.5 ಅಂದುಕೊಳ್ಳಿ. ಅವರನ್ನು ತಡೆದದ್ದು ಶ್ವಾಸಕೋಶವೇ ಅಲ್ಲ! ಟ್ರ್ಯಾಲಿ ಅರ್ಧ ಖಾಲಿ, ಕಾರ್ಖಾನೆಗೆ ಜಂಗು. ಎರಡನ್ನೂ ಸರಿಮಾಡಲು ಬರುತ್ತದೆ.

ಅಂಕಿ ಬಂದ ಮೇಲೆ

ಮಾಡುವುದು ಇಷ್ಟು. ರಕ್ತಹೀನತೆಗೆ ಚಿಕಿತ್ಸೆ. ಬೀಡಿ ಬಂದ್. ನಾಲ್ಕು ವಾರ ಮೊದಲೇ ಬಿಟ್ಟರೆ ಒಳ್ಳೆಯದು, ತಡವಾದರೂ ಬಿಡುವುದೇ ಸರಿ. ಶ್ವಾಸನಾಳ ಹಿಗ್ಗಿಸುವ ಇನ್‌ಹೇಲರ್ ಸರಿಯಾಗಿ ಎಳೆಯುವುದನ್ನು ಕಲಿಸುವುದು. ಪ್ರೋಟೀನ್ ಇರುವ ಊಟ. ಫಿಸಿಯೋಥೆರಪಿಸ್ಟ್ ಕಣ್ಣೆದುರು ದಿನಾ ನಡಿಗೆ, ಸೈಕಲ್, ಉಸಿರಿನ ಸ್ನಾಯುಗಳ ವ್ಯಾಯಾಮ. ಕ್ಯಾನ್ಸರ್ ಇದ್ದರೆ ತಿಂಗಳುಗಟ್ಟಲೆ ಕಾಯುವ ಹಾಗಿಲ್ಲ. ಸಿಗುವುದು ಎರಡರಿಂದ ನಾಲ್ಕು ವಾರ. ಅಷ್ಟರಲ್ಲೇ ಫಲ ಕಾಣುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ ಐದು ಸಣ್ಣ ಅಧ್ಯಯನಗಳನ್ನು ಒಟ್ಟುಗೂಡಿಸಿ, 167 ರೋಗಿಗಳಲ್ಲಿ, ಮೊದಲೇ ವ್ಯಾಯಾಮ ಮಾಡಿದವರಿಗೆ ಶ್ವಾಸಕೋಶದ ತೊಂದರೆ ಶೇ. 67ರಷ್ಟು ಕಡಿಮೆ ಅಂತ ಲೆಕ್ಕ ಹಾಕಿತು. 167 ದೊಡ್ಡ ಸಂಖ್ಯೆಯಲ್ಲ, ಹಾಗಾಗಿ ಆ 67ನ್ನು ಕಲ್ಲಿನಲ್ಲಿ ಕೆತ್ತಿಡುವುದು ಬೇಡ. ಆದರೆ ವ್ಯಾಯಾಮದ ಕಡೆ ವಾಲಲು ಸಾಕು.

ವ್ಯಾಯಾಮದಿಂದಲೂ ಅಂಕಿ ಏರದಿದ್ದರೆ ಆಪರೇಷನ್ನನ್ನೇ ಚಿಕ್ಕದು ಮಾಡಬಹುದು. ಎದೆ ಅಗಲವಾಗಿ ತೆರೆಯದೆ ಸಣ್ಣ ರಂಧ್ರಗಳಿಂದ ಮಾಡಿದರೆ ನೋವು ಕಡಿಮೆ, ಕೆಮ್ಮು ಸುಲಭ. ಮೇಲೆ ಹೇಳಿದ ಗಡಿಗಳಲ್ಲಿ ಬಹಳಷ್ಟು ಎದೆ ತೆರೆದು ಮಾಡಿದ ಕಾಲದವು. ರಂಧ್ರದ ಆಪರೇಷನ್‌ಗೆ ಅವು ಸ್ವಲ್ಪ ಬಿಗಿಯಾದವು ಅನ್ನಬಹುದು. ಗಡ್ಡೆ ಎರಡು ಸೆಂ.ಮೀ. ಒಳಗಿದ್ದು ಶ್ವಾಸಕೋಶದ ಅಂಚಿನ ಕಡೆ ಇದ್ದರೆ, ಇಡೀ ಹಾಲೆ ತೆಗೆಯದೆ ಅದರ ಒಂದು ತುಂಡು ತೆಗೆದರೂ ಸಾಕು ಅಂತ 2022ರಲ್ಲಿ ಜಪಾನಿನ, 2023ರಲ್ಲಿ ಅಮೆರಿಕ ಮುಂದಾಳತ್ವದ ದೊಡ್ಡ ಅಧ್ಯಯನಗಳು ತೋರಿಸಿದವು. ಹತ್ತೊಂಬತ್ತರಲ್ಲಿ ಐದು ಹೋಗುವ ಬದಲು ಎರಡು ಹೋದರೆ ಲೆಕ್ಕವೇ ಬದಲಾಗುತ್ತದೆ. ಆಪರೇಷನ್ ಆಗದೇ ಹೋದವರಿಗೆ, ಗಡ್ಡೆ ಚಿಕ್ಕದಿದ್ದರೆ, ಗುರಿಯಿಟ್ಟು ಕೊಡುವ ರೇಡಿಯೇಷನ್ ಇದೆ.

ಪರೀಕ್ಷೆಯ ಮಿತಿಯನ್ನೂ ಹೇಳಬೇಕು. ಹೊಲಿಗೆ ಹಾಕಿದ ಕಡೆಯಿಂದ ಗಾಳಿ ಸೋರುವುದು, ರಕ್ತಸ್ರಾವ, ಗಾಯಕ್ಕೆ ಕೀವು ಬೀಳುವುದು, ಇವೆಲ್ಲ ಶ್ವಾಸಕೋಶ ಎಷ್ಟು ಮೆದುವಾಗಿದೆ, ಸರ್ಜನ್ ಕೈ ಹೇಗಿದೆ, ಸೋಂಕು ಎಷ್ಟಿದೆ ಅನ್ನುವುದರ ಮೇಲೂ ನಿಂತಿವೆ. ಸೈಕಲ್ ತುಳಿದದ್ದು ಅವನ್ನು ಅಷ್ಟಾಗಿ ಹೇಳುವುದಿಲ್ಲ. ಹಳೇ ಟಿಬಿ, ಫಂಗಸ್ ಗಡ್ಡೆಯ ಆಪರೇಷನ್‌ಗಳಲ್ಲಿ ಅಂಟಿಕೊಂಡ ಪದರಗಳಿಂದ ರಕ್ತ ಹೋಗುವ ಭಯವೇ ದೊಡ್ಡದು. ಅಲ್ಲಿ 22 ಮೀಟರ್ ಹತ್ತಿದ್ದೇವೆ ಅಂತ ನಿಶ್ಚಿಂತೆಯಿಂದ ಇರಲು ಆಗುವುದಿಲ್ಲ.

ಪರೀಕ್ಷೆಯ ದಿನಕ್ಕೆ ಒಂದಿಷ್ಟು ತಯಾರಿ ಬೇಕು. ಕಫದಲ್ಲಿ ರಕ್ತ ಬರುತ್ತಿದ್ದರೆ ಮೊದಲೇ ಹೇಳಿ, ಪರೀಕ್ಷೆ ಮುಂದೂಡಬೇಕಾಗಬಹುದು. ಟಿಬಿ ಇನ್ನೂ ಸಕ್ರಿಯ ಇದೆಯಾ ಅಂತ ಕಫ ಪರೀಕ್ಷೆ ಆಗಿರಬೇಕು, ಆ ಮಾಸ್ಕ್ ಮತ್ತು ಕೊಳವೆಯ ಯಂತ್ರವನ್ನು ನಿಮ್ಮ ನಂತರ ಬೇರೆಯವರೂ ಬಳಸುತ್ತಾರೆ. ಎರಡು ಮೂರು ತಾಸು ಮೊದಲು ಹಗುರ ಊಟ. ಬಿಪಿ, ಶುಗರ್ ಗುಳಿಗೆ ಯಾವುದು ತಗೋಬೇಕು, ಯಾವುದು ಬಿಡಬೇಕು ಅಂತ ಹಿಂದಿನ ದಿನವೇ ಕೇಳಿ. ಇಳಕಲ್ ಸೀರೆ ಅಥವಾ ಧೋತರದಲ್ಲಿ ಸೈಕಲ್ ತುಳಿಯಲು ಆಗುವುದಿಲ್ಲ, ಚೂಡಿದಾರ ಅಥವಾ ಪೈಜಾಮ ತನ್ನಿ. ಜೀವನದಲ್ಲಿ ಸೈಕಲ್ ತುಳಿಯದ ಅವ್ವಂದಿರು ಮೊದಲೇ ಹೇಳಿದರೆ ಟ್ರೆಡ್‌ಮಿಲ್ ಮೇಲೆ ನಡೆಸಬಹುದು. ಅದರಲ್ಲಿ ಅಂಕಿ ಸೈಕಲ್‌ಗಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ, ಹಾಗಾಗಿ ರಿಪೋರ್ಟಿನಲ್ಲಿ ಯಾವುದರ ಮೇಲೆ ಮಾಡಿದ್ದು ಅಂತ ಬರೆದಿದೆಯಾ ನೋಡಿ. ಮಾಸ್ಕ್ ಹಾಕಿದ ಮೇಲೆ ಮಾತಾಡಲು ಆಗುವುದಿಲ್ಲ. ಎದೆ ನೋವು ಬಂದರೆ, ತಲೆ ತಿರುಗಿದರೆ, ಯಾವ ಕೈಸನ್ನೆ ಮಾಡಬೇಕು ಅಂತ ಶುರುವಾಗುವ ಮೊದಲೇ ಗೊತ್ತು ಮಾಡಿಕೊಳ್ಳಿ.